ವಿಭೂತಿ ಬಿದ್ದ ಕೇಕು

ಕೇಕಿನ ಮೇಲೆ ವಿಭೂತಿ ಉದುರಿಸಿದವನು ನನ್ನ ಮೈದುನ. ಸಕ್ಕರೆ ಪುಡಿ ಇರಬೇಕಾದ ಜಾಗದಲ್ಲಿ ವಿಭೂತಿ ಡಬ್ಬಿ ಇಟ್ಟವಳು ನಾನು. ನಡೆದದ್ದು ಇಷ್ಟೇ. ದೇವದುರ್ಗದ ಅವನ ಆಫೀಸಿನವರು ಇದನ್ನು ಪವಾಡ ಎನ್ನುತ್ತಾರೆ. ಓಣಿಯವರು ಅವನಿಗೆ ಅರಳುಮರಳು ಎನ್ನುತ್ತಾರೆ. ನನ್ನ ಸೊಸೆ ನನ್ನ ಕಣ್ಣಿಗೆ ಪೊರೆ ಬಂದಿದೆ ಎನ್ನುತ್ತಾಳೆ. ಯಾವುದೂ ಅಲ್ಲ. ಎರಡು ಡಬ್ಬಿ ಒಂದೇ ಥರ ಇದ್ದವು!

ಮೊದಲು ಈ ಮೈದುನನ ಬಗ್ಗೆ ಹೇಳಬೇಕು. ರಾಯಚೂರಿನಲ್ಲಿ ಇದ್ದುಕೊಂಡು, ಇಲ್ಲಿನ ಬಿಸಿ ಸಾಲದು ಎಂದು ರೊಕ್ಕ ಕೊಟ್ಟು ಓವನ್ ತಂದವನು ಅವನೊಬ್ಬನೇ ಇರಬೇಕು. ಏಪ್ರಿಲ್‌ನಲ್ಲಿ ನಮ್ಮ ಮಾಳಿಗೆಯ ಮೇಲೆ ಹಪ್ಪಳ ಹಾಕಿದರೆ ಒಣಗುವುದಿಲ್ಲ, ನೇರ ಸುಟ್ಟೇ ಕೆಳಗಿಳಿಯುತ್ತದೆ. ಅಂಥ ಊರಿನಲ್ಲಿ, ಐವತ್ತೊಂಬತ್ತು ವರ್ಷದ ಗಂಡಸು ಬನಿಯನ್ ಹಾಕಿಕೊಂಡು, ಓವನ್ನಿನ ಗಾಜಿಗೆ ಮುಖ ಹಚ್ಚಿ, ಒಳಗೆ ಹಿಟ್ಟು ಉಬ್ಬುತ್ತದೆಯೋ ಇಲ್ಲವೋ ಎಂದು ಬೆವರು ಸುರಿಸುತ್ತ ಕೂತಿರುತ್ತಾನೆ. ನೋಡಿದವರು ಏನೆನ್ನಬೇಕು?

ನಾನು ಕುರ್ಡಿಯಿಂದ ಈ ಮನೆಗೆ ಮದುವೆಯಾಗಿ ಬಂದಾಗ ಅವನಿಗೆ ಆರು ವರ್ಷ. ತಾಯಿ ಇರಲಿಲ್ಲ. ಚಡ್ಡಿಯ ಗುಂಡಿ ಹಾಕಿಸಿಕೊಳ್ಳಲು ನನ್ನ ಹತ್ತಿರ ಬಂದವನು ಅಂದಿನಿಂದ ಇಂದಿನವರೆಗೂ ಈ ಮನೆ ಬಿಟ್ಟು ಹೋಗಿಲ್ಲ. ಮದುವೆ ಮಾಡಿಕೊ ಎಂದರೆ "ಆಕಿ ನನ್ನ ಜೋಡಿ ಮಾತು ಬಿಟ್ಟರ ಏನ್ ಮಾಡಲಿ?" ಎಂದು ಕೇಳಿದ. ಮದುವೆಗೆ ಮೊದಲೇ ಆ ಚಿಂತೆ! ನಾವೂ ಕೈಬಿಟ್ಟೆವು.

ಅವನ ಕಥೆಯೆಲ್ಲ ಈ ಚಿಂತೆಯದೇ. ಯಾರಾದರೂ ಮಾತು ಬಿಟ್ಟಾರು, ಮುಖ ತಿರುಗಿಸಿಯಾರು ಎಂಬ ಹೆದರಿಕೆ. ಹೆದರಿಕೆ ಬಂದರೆ ಕೇಕು ಮಾಡುತ್ತಾನೆ. ಅದನ್ನು ಆಫೀಸಿಗೆ ಒಯ್ದು ಹಂಚುತ್ತಾನೆ. ತನ್ನ ಕೈಯಿಂದ ತಿಂದವರು ತನ್ನ ಜೊತೆ ಮಾತಾಡಲೇಬೇಕು ಎಂಬುದು ಅವನ ಲೆಕ್ಕ. ಸಾಹೇಬರು ನಮಸ್ಕಾರಕ್ಕೆ ತಲೆ ಎತ್ತದಿದ್ದರೆ ಅರ್ಧ ಕಿಲೋ. ಬೇರೆ ಊರಿಗೆ ಬದಲಿಯ ಸುದ್ದಿ ಬಂದರೆ ಒಂದು ಕಿಲೋ. ದೇವದುರ್ಗದ ಆಫೀಸಿನಲ್ಲಿ ಏನು ನಡೆದಿದೆ ಎಂಬುದನ್ನು ರಾಯಚೂರಿನ ನನ್ನ ಅಡುಗೆ ಮನೆಯಲ್ಲಿ ಕೂತು, ಮೈದಾ ಅಳೆಯುವ ಬಟ್ಟಲು ನೋಡಿಯೇ ನಾನು ಹೇಳಬಲ್ಲೆ.

ಬೇಯಿಸುವಾಗಲಾದರೂ ಧೈರ್ಯ ಇದೆಯೇ? ಬೆಂದಿದೆಯೋ ನೋಡಲು ಒಂದು ಸಲ ಕಡ್ಡಿ ಚುಚ್ಚಬೇಕಂತೆ. ನನ್ನ ಮೊಮ್ಮಗಳು ಮೊಬೈಲಿನಲ್ಲಿ ತೋರಿಸಿಕೊಟ್ಟಳು. ಇವನು ಇಪ್ಪತ್ತು ಸಲ ಚುಚ್ಚುತ್ತಾನೆ. ಕಡ್ಡಿಯೂ ಎಲ್ಲಿಯದು? ನಾನು ದೀಪಾವಳಿಗೆ ಎಂದು ತೆಗೆದಿಟ್ಟ ಹೊಸ ಕಸಬರಿಗೆಯದು! ಕೇಕು ಜರಡಿಯಾಯಿತು, ಕಸಬರಿಗೆ ಬೋಳಾಯಿತು.

"ಏ ತಮ್ಮಾ, ಇದನ್ನ ತಿನ್ನಾಕ ಒಯ್ಯಾಕತ್ತೀಯೋ, ಹಿಟ್ಟು ಸಾಣಿಸಾಕೋ?" ಎಂದೆ.

"ಅತ್ತಿಗಿ, ನಡುವ ಹಸಿ ಉಳದ್ರ ಮಂದಿ ಏನಂತಾರ?" ಎಂದು ಇನ್ನೊಂದು ಸಲ ಚುಚ್ಚಿದ.

ಮೊದಲು ಮಾನ್ವಿಯ ಆಫೀಸಿನಲ್ಲಿ ಇದ್ದ. ಆಗ ಕೆನೆ ಹಚ್ಚಿ ಗುಲಾಬಿ ಹೂ ಬರೆದು ಒಯ್ಯುತ್ತಿದ್ದ. ಒಂದು ದಿನ ಬಸ್ಸಿನಲ್ಲಿ ಕೂಡಲು ಜಾಗವಿಲ್ಲದೆ ಡಬ್ಬಿಯನ್ನು ಡ್ರೈವರನ ಪಕ್ಕದ ಬಾನೆಟ್ ಮೇಲೆ ಇಟ್ಟನಂತೆ. ಕೆಳಗೆ ಇಂಜಿನ್, ಮೇಲೆ ರಾಯಚೂರಿನ ಸೂರ್ಯ. ಮಾನ್ವಿಯಲ್ಲಿ ಇಳಿದು ಮುಚ್ಚಳ ತೆರೆದರೆ ಕೇಕು ಕರಗಿದ ಕೆನೆಯ ಸಾರಿನಲ್ಲಿ ತೇಲುತ್ತಿತ್ತು. ಬಿಟ್ಟನೇ? ಲೋಟಗಳಲ್ಲಿ ಹಾಕಿ, ಚಮಚ ಕೊಟ್ಟು ಹಂಚಿ ಬಂದ! ಅಂದಿನಿಂದ ಕೆನೆ ಬಂದಾಯಿತು. ಕೇಕಿನ ಮೇಲೆ ಬರೀ ಸಕ್ಕರೆ ಪುಡಿ ಉದುರಿಸುತ್ತಾನೆ. ಆ ಪುಡಿಯಿಂದಲೇ ಈ ರಾಮಾಯಣ.

ಹಂಚಿದ ಮೇಲೆ ಸುಮ್ಮನೆ ಕೂಡುವುದಿಲ್ಲ. ತಿನ್ನುವವರ ಎದುರು ನಿಂತು ಬಾಯಿಯನ್ನೇ ನೋಡುತ್ತಾನೆ. "ಹೆಂಗದ್ರೀ? ಹೆಂಗದ?" ಹಾಗೆ ನೋಡಿದರೆ ಯಾರು ತಾನೇ ಖರೆ ಹೇಳುತ್ತಾರೆ? "ಭಾಳ ಚಲೋ ಅದರೀ" ಎಂದು ನುಂಗಲಾರದೆ ನುಂಗುತ್ತಾರೆ. ಖರೆ ಹೇಳಿದವನು ಒಬ್ಬನೇ, ಅವರ ಆಫೀಸಿನ ಜೀಪ್ ಡ್ರೈವರ್ ಖಾಜಾಸಾಬ. ಇಬ್ಬರದೂ ಮೂವತ್ತು ವರ್ಷದ ಗೆಳೆತನ. ಎರಡು ತಿಂಗಳ ಹಿಂದೆ ಅವರಿಬ್ಬರೂ ಮಾತು ಬಿಟ್ಟರು. ಯಾಕೆ ಎಂದು ಕೇಳಿದರೆ ನನ್ನ ಮೈದುನ ಬಾಯಿ ಬಿಡಲಿಲ್ಲ. ಓವನ್ ಮಾತ್ರ ದಿನಾ ಉರಿಯಿತು.

ನನ್ನ ಪಾಲಿನ ಮಾತನ್ನೂ ಹೇಳಿಬಿಡುತ್ತೇನೆ. ಅವನ ಮೊಟ್ಟಮೊದಲ ಕೇಕಿಗೆ ಕೋಳಿ ತತ್ತಿ ಹಾಕಿದ್ದ. ಲಿಂಗಪೂಜೆ ಆಗುವ ಮನೆಯಲ್ಲಿ ತತ್ತಿ! ಕೇಕು, ಪಾತ್ರೆ, ಮೈದುನ, ಮೂರನ್ನೂ ಅಂಗಳಕ್ಕೆ ಹಾಕಿದೆ. ಆಮೇಲೆ "ತತ್ತಿ ಹಾಕಿಲ್ಲ ಅತ್ತಿಗಿ, ಮೊಸರು, ಸೋಡಾ ಅಷ್ಟ" ಎಂದು ಪ್ರತಿ ಸಲ ಹೇಳುತ್ತಿದ್ದ. ತತ್ತಿ ಇಲ್ಲದೆ ಕೇಕು ಆಗುತ್ತದೆ ಎಂದು ನಾನು ನಂಬಲಿಲ್ಲ. ಸಕ್ಕರೆ ಉದುರಿಸುವ ಮೊದಲೇ ಮೂಲೆಯ ಒಂದು ತುಂಡು ಕೊಯ್ದು, ತಟ್ಟೆಯಲ್ಲಿ ಮುಚ್ಚಿಟ್ಟು ಹೋಗುತ್ತಿದ್ದ. ಅದು ನನ್ನದು. ನಾನು ಅದನ್ನು ಪಕ್ಕದ ಮನೆಯ ಆಡಿಗೆ ಹಾಕುತ್ತಿದ್ದೆ. ಸಂಜೆ ಬಂದು "ತಿಂದೇನು ಅತ್ತಿಗಿ?" ಎಂದರೆ "ತಿಂದೆ, ಚಲೋ ಇತ್ತು" ಎನ್ನುತ್ತಿದ್ದೆ. ಮುಖದ ಮೇಲೆ ಹೇಳುವವಳು ಎಂದು ಓಣಿಯಲ್ಲಿ ಹೆಸರು ಮಾಡಿದ ನಾನು, ಆರು ವರ್ಷ ಆಡಿನ ಪರವಾಗಿ ಸುಳ್ಳು ಹೇಳಿದೆ!

ಈಗ ಆ ಸೋಮವಾರಕ್ಕೆ ಬರೋಣ. ಅಂದು ಖಾಜಾಸಾಬನ ನೌಕರಿಯ ಕೊನೆಯ ದಿನ. ಆಫೀಸಿನಲ್ಲಿ ಬೀಳ್ಕೊಡುಗೆ. ನನ್ನ ಮೈದುನ ನಸುಕಿನಲ್ಲೇ ಎದ್ದು ಎರಡು ಕಿಲೋ ಕೇಕು ಹಚ್ಚಿದ್ದ. ಎರಡು ಕಿಲೋ ನಾನು ಹಿಂದೆಂದೂ ನೋಡಿರಲಿಲ್ಲ.

"ಇವತ್ತ ಮಾತಾಡಲಿಲ್ಲಂದ್ರ ಇನ್ನ ಅಂವ ಎಲ್ಲಿ ಸಿಗತಾನ, ಅತ್ತಿಗಿ? ನಾಳಿಂದ ಆಫೀಸಿಗೆ ಬರಾಂಗಿಲ್ಲ" ಎಂದ. ಮೂಲೆಯ ತುಂಡು ಕೊಯ್ದಿಟ್ಟ, ಬಿಳಿ ಪುಡಿ ಉದುರಿಸಿದ, ಡಬ್ಬಿ ಮುಚ್ಚಿದ, ಬಸ್ಸಿಗೆ ಓಡಿದ.

ಅವನು ಹೋದ ಮೇಲೆ ನಾನು ಸ್ನಾನ ಮಾಡಿ ಪೂಜೆಗೆ ಕೂತೆ. ವಿಭೂತಿ ಗಟ್ಟಿ ಬಿದ್ದು ಒಡೆದಿತ್ತೆಂದು ಕುಟ್ಟಿ ಪುಡಿ ಮಾಡಿ ಸ್ಟೀಲ್ ಡಬ್ಬಿಯಲ್ಲಿ ತುಂಬಿದ್ದೆ. ಮೂರು ಬೆರಳು ನೀರಲ್ಲಿ ಅದ್ದಿ, ಡಬ್ಬಿಗೆ ಹಾಕಿ, ಹಣೆಗೆ ಎಳೆದುಕೊಂಡೆ. ಅಂಟಂಟು ಎನ್ನಿಸಿತು. ಸೆಕೆಗೆ ಬೆವರು ಎಂದುಕೊಂಡೆ. ಪೂಜೆ ಮುಗಿಸಿ ಹೊರಗೆ ಬಂದರೆ, ಆಡಿನ ಮನೆಯ ಹೆಂಗಸು ನನ್ನನ್ನು ನೋಡಿ ಕೂಗಿದಳು.

"ಯವ್ವಾ, ನಿಮ್ಮ ಹಣಿ ಮ್ಯಾಲ ಇರಿವಿ ಸಾಲಗಟ್ಟಿ ಹೊಂಟಾವ್ರೀ!"

ಬೆರಳಿಗೆ ಹತ್ತಿದ್ದನ್ನು ನೆಕ್ಕಿ ನೋಡಿದೆ. ಸಿಹಿ! ಆಗ ನೆನಪಾಯಿತು. ಹಿಂದಿನ ದಿನ ದೇವರ ಜಗಲಿ, ಅಡುಗೆ ಮನೆ ಎರಡನ್ನೂ ತೊಳೆದಿದ್ದೆ. ಯಾರದೋ ಮದುವೆಯಲ್ಲಿ ಕೊಟ್ಟ ಜೋಡಿ ಡಬ್ಬಿಗಳು ಅವು. ಕೆಳಗಿಳಿಸಿ, ಒರೆಸಿ, ಮತ್ತೆ ಇಡುವಾಗ ದೇವರದು ಅಡುಗೆ ಮನೆಗೆ ಹೋಗಿದೆ, ಅಡುಗೆ ಮನೆಯದು ದೇವರ ಮುಂದೆ ಬಂದಿದೆ.

ಮೈದುನನಿಗೆ ಫೋನು ಹಚ್ಚಿದೆ. ಅವನ ಫೋನು ನನ್ನ ಹಿಂದೆಯೇ, ಮೈದಾ ಚೀಲದ ಮೇಲೆ ಬಡಕೊಂಡಿತು. ಗಡಿಬಿಡಿಯಲ್ಲಿ ಬಿಟ್ಟು ಹೋಗಿದ್ದ! ಮಗ, ಸೊಸೆ ಕೆಲಸಕ್ಕೆ ಹೋಗಿದ್ದರು. ನನ್ನ ತಲೆಯಲ್ಲಿ ಏನೇನೋ. ಎರಡು ತಿಂಗಳು ಮಾತು ಬಿಟ್ಟವನು ಕೊನೆಯ ದಿನ ಬಂದು ಬೂದಿ ತಿನ್ನಿಸಿದ ಎಂದು ಖಾಜಾಸಾಬ ತಿಳಿದರೆ? ಬೇಕೆಂದೇ ನಮಗೆ ವಿಭೂತಿ ತಿನ್ನಿಸಿದರು ಎಂದು ಅವನ ಮನೆಯವರು ನೊಂದುಕೊಂಡರೆ? ಈ ಹೆದರುಪುಕ್ಕಲನಿಗೆ ಇರುವುದು ಒಬ್ಬನೇ ಗೆಳೆಯ. ಅವನೂ ಹೋದರೆ ನನ್ನ ಡಬ್ಬಿಯಿಂದ ಹೋದಂತೆ.

ಸೆರಗಿನಿಂದ ಹಣೆ ಒರೆಸಿಕೊಂಡು ದೇವದುರ್ಗದ ಬಸ್ಸು ಹತ್ತಿದೆ. ಹೆಂಗಸರಿಗೆ ಬಸ್ಸು ಪುಕ್ಕಟೆ, ಆದರೆ ನೊಣಗಳಿಗೂ ಪುಕ್ಕಟೆ ಎಂದು ಅಂದು ಗೊತ್ತಾಯಿತು. ಒರೆಸಿದರೂ ಹೋಗದ ಸಕ್ಕರೆಗೆ ಮುತ್ತಿದವು.

"ಅಮ್ಮಾರ, ನಿಮ್ಮ ಜೋಡಿ ಎಷ್ಟ್ ಮಂದಿ ಅದಾರ?" ಎಂದ ಕಂಡಕ್ಟರ್.

"ನಿನ್ನ ಬಸ್ಸಿನಾಗ ಇದ್ದವೇ ಇವು. ಲಗೂ ಹೊಡಿ ಅಂತ ಹೇಳಪಾ ಡ್ರೈವರಗ!" ಎಂದೆ.

ಡ್ರೈವರ್ ಲಗೂ ಹೊಡೆಯಲಿಲ್ಲ. ಕಲ್ಮಲದಲ್ಲಿ ಇಳಿದು ಚಹಾ ಕುಡಿದ. ನಾನು ಕಿಟಕಿಯಿಂದ ಅವನ ಲೋಟವನ್ನೇ ನೋಡಿದೆ. ಒಂದು ಲೋಟ ಚಹಾ ಖಾಲಿಯಾಗಲು ಅಷ್ಟು ಹೊತ್ತು ಬೇಕೇ?

ಆಫೀಸು ಮುಟ್ಟಿದಾಗ ಎಲ್ಲ ಮುಗಿದಿತ್ತು. ಖಾಲಿ ಕಾಗದದ ತಟ್ಟೆಗಳು ಬಿದ್ದಿದ್ದವು. ಹಿರಿಯ ಗುಮಾಸ್ತರು ನನ್ನನ್ನು ನೋಡಿ ಕೈ ಮುಗಿದರು.

"ಯವ್ವಾ, ಪ್ರಸಾದ ಭಾಳ ಚಲೋ ಇತ್ತರೀ. ಕಣ್ಣಿಗೆ ಒತ್ತಿಕೊಂಡು ತಿಂದಿವಿ."

ಯಾವ ಮಠದ್ದು ಎಂದೂ ಕೇಳಿದರು! ಗಂಟಲಿಗೆ ಬೂದಿ ಹಿಡಿದರೂ ಒಬ್ಬರೂ ಬಾಯಿ ಬಿಟ್ಟಿರಲಿಲ್ಲ. ನನ್ನ ಮೈದುನ ಎಲ್ಲಿ? ಕಪಾಟಿನ ಹಿಂದೆ ಮುಖ ಮುಚ್ಚಿಕೊಂಡು ಕೂತಿದ್ದ. ಅವನ ಪಕ್ಕದಲ್ಲಿ, ಕೊರಳಲ್ಲಿ ಹೂಮಾಲೆ ಹಾಕಿಕೊಂಡ ಖಾಜಾಸಾಬ ಹೊಟ್ಟೆ ಹಿಡಿದು ನಗುತ್ತಿದ್ದ.

"ಬರ್ರಿ ಭಾಬಿ, ಬರ್ರಿ! ಎಲ್ಲಾರೂ ಕೈ ಮುಗದು ತಿನ್ನಾಕತ್ತಾರ, ನಾ ಒಂದ್ ತುತ್ತು ಹಾಕ್ಕೊಂಡೆ. ಅರೇ ದಿವಾನೇ, ಇದೇನ್ ಬೂದಿ ಹಾಕಿಯೋ ಅಂತ ಒದರಿ, ಫೂ ಅಂತ ಊದಿಬಿಟ್ಟೆ. ಪೂರಾ ಹಾರಿ ಸಾಹೇಬರ ಮಾರಿ ಮ್ಯಾಲ! ಎಂದೂ ವಿಭೂತಿ ಹಚ್ಚದವರು, ಇವತ್ತ ಗಡ್ಡದ ತನಕ ಹಚ್ಚಿಕೊಂಡಾರ!"

"ತಪ್ಪು ನಂದಪಾ. ಡಬ್ಬಿ ಅದಲು ಬದಲು ಮಾಡಿದಾಕಿ ನಾನು. ಸಿಟ್ಟಾಗಬ್ಯಾಡ" ಎಂದೆ.

"ಸಿಟ್ಟು ಯಾಕ್ರೀ? ಎರಡ ತಿಂಗಳ ಮ್ಯಾಲ ಇವನಿಗೆ ಬೈಯಾಕ ಒಂದ್ ಕಾರಣ ಸಿಕ್ತಲ್ಲ!"

ಮೈದುನ ಮುಖ ತೊಳೆಯಲು ನಲ್ಲಿಗೆ ಹೋದ. ಆಗ ಕೇಳಿದೆ, "ಅಷ್ಟಕ್ಕೂ ನೀವು ಮಾತು ಬಿಟ್ಟದ್ದು ಯಾಕ?"

ಖಾಜಾಸಾಬ ನಗು ನಿಲ್ಲಿಸಿದ. ಮಾಲೆಯ ಹೂವೊಂದನ್ನು ಕಿತ್ತು ತಿರುಗಿಸುತ್ತ ಹೇಳಿದ.

"ಭಾಬಿ, ನಾ ಇವಗ 'ನಿನ್ನ ಕೇಕ ಗ್ವಾಡಿ ಕಟ್ಟೋ ಇಟ್ಟಂಗಿ ಆಗತದ, ಒಂದ್ ತತ್ತಿ ಹಾಕು, ಮೆತ್ತಗ ಆಗತದ' ಅಂದೆ. 'ತತ್ತಿ ಹಾಕಿದ್ರ ನಮ್ಮ ಅತ್ತಿಗಿ ಮುಟ್ಟಾಂಗಿಲ್ಲ' ಅಂದ. 'ಹಾಕದಿದ್ರೂ ಆಕಿ ಎಲ್ಲಿ ಮುಟ್ಟತಾಳ, ಆಡಿಗೆ ಹಾಕತಾಳಂತ ನೀನ ಹೇಳೀಯಲ್ಲ' ಅಂದೆ. ಆ ಮಾತಿಗೆ ಎದ್ದು ಹೋದಾಂವ, ಇವತ್ತೇ ನನ್ನ ಹತ್ರ ಬಂದಾನ."

ಗೊತ್ತಿತ್ತು ಮೈದುನನಿಗೆ, ತುಂಡು ಆಡಿಗೆ ಹೋಗುತ್ತದೆ ಎಂದು. ಗೊತ್ತಿದ್ದೂ ಪ್ರತಿ ಸಲ ಮೂಲೆಯ ತುಂಡು ಕೊಯ್ದಿಟ್ಟಿದ್ದ. ಗೊತ್ತಿದ್ದೂ "ತಿಂದೇನು ಅತ್ತಿಗಿ?" ಎಂದು ಕೇಳಿದ್ದ. ಚಡ್ಡಿಯ ಗುಂಡಿ ಹಾಕಿದವಳು ಒಂದು ದಿನ ಮಾತು ಬಿಟ್ಟಾಳು ಎಂಬ ಹೆದರಿಕೆ ಅವನಿಗೆ ಇನ್ನೂ ಇತ್ತೇ?

ಸಂಜೆ ಬಸ್ಸಿನಲ್ಲಿ ಇಬ್ಬರೂ ಜೊತೆಗೆ ಬಂದೆವು. ಖಾಲಿ ಡಬ್ಬಿ ಅವನ ತೊಡೆಯ ಮೇಲಿತ್ತು. ಶುಕ್ರವಾರ ಖಾಜಾಸಾಬ ಮನೆಗೆ ಬರುತ್ತಾನಂತೆ, ಎಷ್ಟು ಕಿಲೋ ಮಾಡಲಿ ಎಂದು ದಾರಿಯುದ್ದಕ್ಕೂ ಕೇಳಿದ.

ಮರುದಿನ ಬೆಳಿಗ್ಗೆ ಸ್ನಾನ ಮಾಡಿದೆ. ವಿಭೂತಿಯನ್ನು ಮೊದಲು ನಾಲಿಗೆಗೆ ಮುಟ್ಟಿಸಿ ನೋಡಿ, ಆಮೇಲೆ ಹಣೆಗೆ ಹಚ್ಚಿಕೊಂಡು ಪೂಜೆ ಮುಗಿಸಿದೆ. ಅಡುಗೆ ಮನೆಗೆ ಹೋಗಿ ಮುಚ್ಚಿದ ತಟ್ಟೆ ತೆಗೆದೆ. ಹಿಂದಿನ ದಿನದ ಮೂಲೆಯ ತುಂಡು ಹಾಗೇ ಇತ್ತು. ಹಿತ್ತಲಿನ ಗೋಡೆಯ ಆಚೆ ಆಡು ಒದರಿತು. ನಾನು ತುಂಡನ್ನು ತಂದು ಮೈದುನನ ಎದುರು ಕೂತು ಬಾಯಿಗೆ ಇಟ್ಟೆ. ಅವನು ಬೂಟು ಹಾಕುವುದನ್ನು ಬಿಟ್ಟು ನನ್ನ ಬಾಯಿಯನ್ನೇ ನೋಡಿದ.

"ಹೆಂಗದ, ಅತ್ತಿಗಿ?"

"ಇಟ್ಟಂಗಿ ಆಗ್ಯದ."

ಅವನ ಮುಖ ಇಷ್ಟಾಯಿತು. ನಾನು ಚಹಾದಲ್ಲಿ ಅದ್ದಿ ಅದ್ದಿ ಕಡೆಯ ಚೂರಿನ ತನಕ ತಿಂದು, ತಟ್ಟೆಯನ್ನು ಅವನ ಮುಂದೆ ಚಾಚಿದೆ.

"ಇನ್ನೊಂದ್ ತುಂಡು ಇದ್ರ ಹಾಕು."