ಕಪಾಟಿನ ಕೆಳಗಿನ ಗಸಗಸೆ

ಶಿಸ್ತಿನ ಮನುಷ್ಯನಿಗೆ ಒಂದು ಕೆಟ್ಟ ಚಟವಿರುತ್ತದೆ. ತನ್ನ ಮನೆಯಲ್ಲಿ ಏನೇ ಕೆಟ್ಟರೂ ಅದು ಹೊರಗಿನಿಂದಲೇ ಬಂದದ್ದು ಎಂದು ಅವನು ನಂಬಿರುತ್ತಾನೆ. ನನ್ನ ಮಟ್ಟಿಗೆ ಇದಕ್ಕೆ ಕಾರಣವೂ ಇತ್ತು. ನಿವೃತ್ತಿಯವರೆಗೂ ಪುಣೆಯ ಭೋಸರಿಯ ಕಾರ್ಖಾನೆಯೊಂದರಲ್ಲಿ ನನ್ನ ಕೆಲಸ ಮಾಲು ತಪಾಸಣೆ. ಕೂದಲೆಳೆಯಷ್ಟು ಬಿರುಕಿದ್ದರೂ ಹಿಡಿದು ಪಕ್ಕಕ್ಕಿಡುತ್ತಿದ್ದೆ. ಅಂಥ ಕಣ್ಣು ಕಾವಲಿಗಿರುವಾಗ ತಪ್ಪು ಒಳಗೆ ನುಸುಳುವುದಾದರೂ ಹೇಗೆ? ನಸುಕಿಗೆ ಏಳುವುದು, ಎದ್ದ ಕೂಡಲೇ ಹಾಸಿಗೆ ಮಡಚುವುದು, ಆಮೇಲೆ ಕೊಂಢವಾ ಬಡಾವಣೆಯ ನಮ್ಮ ಫ್ಲ್ಯಾಟನ್ನು ನಾನೇ ಗುಡಿಸುವುದು. ಈ ಕ್ರಮ ಹಬ್ಬಕ್ಕೂ ತಪ್ಪಿಲ್ಲ, ಜ್ವರಕ್ಕೂ ತಪ್ಪಿಲ್ಲ. ನನ್ನ ಹೆಂಡತಿ ಶಾಂತಾ ಗುಡಿಸಿದರೆ ಮೂಲೆಗಳು ಹಾಗೇ ಉಳಿಯುತ್ತವೆ ಎಂಬುದು ನನ್ನ ದೂರು. "ಮೂಲಿಗೂ ಒಂದಿಷ್ಟು ಕಸ ಬೇಕಲ್ರಿ, ಇಲ್ಲಂದ್ರ ಅದಕ್ಕ ಬ್ಯಾಸರ ಆಗತದ" ಎಂಬುದು ಅವಳ ಉತ್ತರ.

ತೊಂಬತ್ತರ ದಶಕದ ಕೊನೆಗೆ, ಹಡಪಸರದಲ್ಲಿ ಹೋಟೆಲು ನಡೆಸುವ ಗೆಳೆಯ ಸುಧಾಕರ ತನ್ನ ಹೋಟೆಲಿಗೆ ಹೊಸ ರೂಪ ಕೊಡಿಸಿದ. ಅವನ ಅಪ್ಪ ಕರಾವಳಿಯಿಂದ ತಂದಿದ್ದ ಹಳೆಯ ಮರದ ಕಪಾಟು ಹೊರಗೆ ಬಿತ್ತು. "ತಗೊಂಡು ಹೋಗಿ ಮಾರಾಯ್ರೆ, ಇನ್ನೂ ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಬರ್ತದೆ" ಎಂದ. ಶಾಂತಾಳಿಗೆ ಉಕ್ಕಿನ ಕಪಾಟಿನ ಆಸೆ. ನಾನು ಮಾತ್ರ ಮರವನ್ನು ತಟ್ಟಿ, ತಡವಿ, ಬಾಗಿಲು ತೆಗೆದು ಹಾಕಿ, "ಮಾಲು ಪಾಸು" ಎಂದು ಘೋಷಿಸಿ ಟೆಂಪೋದಲ್ಲಿ ತಂದು ಅಡುಗೆಮನೆಯ ಬಾಗಿಲ ಪಕ್ಕದಲ್ಲಿ ನಿಲ್ಲಿಸಿದೆ.

ಕೆಲವು ತಿಂಗಳು ಕಳೆದ ಮೇಲೆ, ಬೆಳಗ್ಗೆ ಗುಡಿಸುವಾಗ ಕಪಾಟಿನ ಕೆಳಗೆ ಚಿಟಿಕೆಯಷ್ಟು ಗಸಗಸೆ ಸಿಗತೊಡಗಿತು. "ಮತ್ತ ಗಸಗಸಿ ಚೆಲ್ಲೀಯಲ್ಲ!" ಎಂದು ನಾನು. "ನಾ ಡಬ್ಬಿ ಮುಟ್ಟೇ ಇಲ್ಲ. ಗಸಗಸಿಗೇನು ಕಾಲು ಬಂದಾವೇನ್ರಿ?" ಎಂದು ಅವಳು. ವಾದ ಬೆಳೆಸುವುದು ನನ್ನ ಸ್ವಭಾವವಲ್ಲ. ಒಳ್ಳೆಯ ಪದಾರ್ಥ ಹಾಳಾಗಬಾರದೆಂದು ಧೂಳು ಊದಿ, ಕಾಳು ಆರಿಸಿ, ಸದ್ದಿಲ್ಲದೆ ಡಬ್ಬಿಗೆ ಹಾಕಿಬಿಡುತ್ತಿದ್ದೆ. ದೀಪಾವಳಿ ಬಂತು, ಹೋಯಿತು.

ಮುಂದಿನ ಮಳೆಗಾಲದಲ್ಲಿ ಒಂದು ದಿನ ಸ್ವೆಟರು ತೆಗೆಯಲು ಹೋದಾಗ ನನ್ನ ಹೆಬ್ಬೆರಳು ಕಪಾಟಿನ ಹಲಗೆಯೊಳಕ್ಕೆ ಹಪ್ಪಳ ಮುರಿದಂತೆ ಇಳಿಯಿತು. ಒಳಗೆಲ್ಲ ಟೊಳ್ಳು. ಬಿಳಿಯ ಹುಳುಗಳು ಗಾಬರಿಯಿಂದ ಓಡಾಡುತ್ತಿದ್ದವು. ಗೆದ್ದಲು! ಅಪರಾಧಿ ಯಾರೆಂದು ಹೊಳೆಯಲು ನನಗೆ ತಡವಾಗಲಿಲ್ಲ. ನಮ್ಮ ಕಟ್ಟಡದ ಹಿಂದೆ, ಬೇವಿನ ಮರದ ಬುಡದಲ್ಲಿ, ಕೆಲವು ವರ್ಷಗಳ ಹಿಂದೆಯೇ ಸೊಂಟದೆತ್ತರದ ಹುತ್ತವೊಂದು ಎದ್ದಿತ್ತು.

ಆ ಹುತ್ತದ ಸಂಗತಿ ಸ್ವಲ್ಪ ಹೇಳಬೇಕು. ಶಾಂತಾ ಗದಗಿನ ಕಡೆಯವಳು. ಪುಣೆಗೆ ಬಂದ ಮೇಲೆ ನಾಗರ ಪಂಚಮಿಗೆ ಮಣೆಯ ಮೇಲಿನ ಮಣ್ಣಿನ ನಾಗಪ್ಪನಿಗೆ ಒಬ್ಬಳೇ ಹಾಲೆರೆದು, ಒಬ್ಬಳೇ ಉಂಡಿ ತಿಂದು ಹಬ್ಬ ಮುಗಿಸುತ್ತಿದ್ದಳು. ಮರಾಠಿ ಬಾರದೆ ನೆರೆಯವರೊಡನೆ ನಕ್ಕು ಸುಮ್ಮನಾಗುವುದಷ್ಟೇ ಅವಳ ಒಡನಾಟ. ಹುತ್ತ ಎದ್ದ ವರ್ಷ ಹಾಲಿನ ತಂಬಿಗೆ ಹಿಡಿದು ಕೆಳಗಿಳಿದಳು ನೋಡಿ, ಕಟ್ಟಡದ ಹೆಂಗಸರೆಲ್ಲ ಹಿಂದೆಯೇ ಬಂದರು. ಬೇವಿನ ಕೊಂಬೆಗೆ ಜೋಕಾಲಿ ಬಿತ್ತು. ಅಂದಿನಿಂದ ಅವಳು ಮುರುಕು ಮರಾಠಿಯಲ್ಲೇ ಜಗಳವಾಡುವಷ್ಟು ಬಳಕೆಯಾಗಿದ್ದಳು.

ಇದೆಲ್ಲ ನನಗೆ ಗೊತ್ತಿತ್ತು. ಆದರೆ ನ್ಯಾಯ ನ್ಯಾಯವೇ. ಪಂಚಮಿಯ ಹಿಂದಿನ ದಿನ ಬೆಳಗ್ಗೆ ಹಾರೆ ಹಿಡಿದು ಹೊರಟೆ. ಶಾಂತಾ ಹುತ್ತಕ್ಕೆ ಅಡ್ಡ ನಿಂತಳು.

"ಇದನ್ನ ಕೆಡವಿದ್ರ ನಾಳೆ ಹಾಲು ಎಲ್ಲೆ ಹಾಕ್ಲಿ? ನಿಮ್ಮ ತಲಿ ಮ್ಯಾಲೆ ಹಾಕ್ಲ್ಯಾ?"

"ಹಾವೇ ಇಲ್ಲದ ಹುತ್ತಕ್ಕ ಹಾಲು ಯಾಕ?"

"ಕಟ್ಟಿದವರು ಕುಡೀಲಿ!"

ಅಷ್ಟರಲ್ಲಿ ಎದುರು ಮನೆಯ ಸೊಸೆ ಮಧುರಾ ಕೆಲಸಕ್ಕೆ ಹೊರಟವಳು ನಿಂತಳು. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವ ಹುಡುಗಿ. ಕಪಾಟಿಗೆ ಗೆದ್ದಲು ಹಿಡಿದ ಕಥೆಯನ್ನು ಅವಳಿಗೆ ಹೇಳಿದೆ. "ಕಾಕಾ, ನಿಮ್ಮ ಮನೆ ಗೋಡೆಯ ಮೇಲೆ ಮಣ್ಣಿನ ಗೆರೆ ಹತ್ತಿದೆಯಾ?" ಎಂದು ಮರಾಠಿಯಲ್ಲಿ ಕೇಳಿದಳು. ಮಣ್ಣು? ನನ್ನ ಮನೆಯಲ್ಲಿ? ನನಗೆ ಅವಮಾನವೇ ಆಯಿತು. "ಹಾಗಾದರೆ ಕಪಾಟಿನ ಕೆಳಗೆ ಏನು ಬೀಳುತ್ತೆ?"

"ಗಸಗಸಿ" ಎಂದಳು ಶಾಂತಾ.

ಮಧುರಾ ಮೇಲೆ ಬಂದು, ಆ ಬೆಳಗ್ಗೆ ನಾನು ಗುಡಿಸಿ ಮೊರದಲ್ಲಿಟ್ಟಿದ್ದ ಕಾಳುಗಳನ್ನು ನೋಡಿದಳು. ತುಟಿ ಕಚ್ಚಿಕೊಂಡಳು. "ಕಾಕಾ, ಇದು ಗೆದ್ದಲಿನ ಹಿಕ್ಕೆ. ಗೆದ್ದಲಲ್ಲಿ ಎಷ್ಟೋ ಜಾತಿ. ಇದು ಒಣಮರದೊಳಗೇ ಹುಟ್ಟಿ, ಅದನ್ನೇ ತಿಂದು ಬದುಕೋ ಜಾತಿ, ಇದಕ್ಕೆ ನೆಲವೇ ಬೇಡ. ಕಪಾಟಿನ ಜೊತೆಗೇ ಬಂದಿದೆ. ಹಿಂದಿರೋದು ಬೇರೆ. ಅವು ಒಣ ಎಲೆ, ಹುಲ್ಲು, ಕಡ್ಡಿ ಒಯ್ದು, ಹುತ್ತದೊಳಗೆ ಅದರ ಮೇಲೆ ಬೂಸ್ಟು ಬೆಳೆಸಿ ತಿನ್ನುತ್ತವೆ. ಅವೂ ಮನೆಗೆ ಬರಬಹುದು, ಆದರೆ ಮಣ್ಣಿನ ದಾರಿ ಕಟ್ಟಿಕೊಂಡು, ನಿಮ್ಮ ಕಣ್ಣಿಗೆ ಬಿದ್ದೇ ಬರುತ್ತವೆ. ಆ ಬೇವಿನ ಬುಡದ ಮಣ್ಣು ಸಡಿಲವಾಗಿರೋದೂ ಅವುಗಳಿಂದಲೇ."

ಬೇಸಾಯ ಮಾಡುವ ಹುಳು! ನನಗೆ ತಕ್ಷಣ ಗೌರವ ಹುಟ್ಟಿತು. ಆದರೆ ಶಾಂತಾ ಇದನ್ನೆಲ್ಲ ಕೇಳುತ್ತಿರಲಿಲ್ಲ. ಒಳಗಿನಿಂದ ಡಬ್ಬಿ ತಂದು ಮುಚ್ಚಳ ತೆರೆದು, ಒಮ್ಮೆ ಅದನ್ನೂ ಒಮ್ಮೆ ನನ್ನನ್ನೂ ನೋಡಿದಳು.

"ಅದನ್ನ ಇದರಾಗ ಹಾಕಿದವರು ನೀವೇನ್ರಿ?"

ನಾನು ಚಾವಣಿ ನೋಡಿದೆ.

"ಅಯ್ಯ ಶಿವನೇ! ದೀಪಾವಳಿ ಕರ್ಚಿಕಾಯಿ ಹೂರಣಕ್ಕ ಇದನ್ನೇ ಹಾಕಿದ್ನಲ್ರಿ!"

"ನಾನೂ ತಿಂದಿದ್ದೆ ಕಾಕೂ. ರುಚಿ ಛಾನ್ ಆಗಿತ್ತು" ಎಂದಳು ಮಧುರಾ, ಮುಖ ಸ್ವಲ್ಪ ಸಣ್ಣದು ಮಾಡಿಕೊಂಡು. ಆಮೇಲೆ ಶಾಂತಾ ನಗಲು ಶುರು ಮಾಡಿದವಳು ಕುರ್ಚಿ ಹಿಡಿದು ಕೂತಳು. ಮಾರನೆಯ ದಿನ ಹುತ್ತದ ಬಳಿ ಹೆಂಗಸರು ನನ್ನನ್ನು ಕಂಡಾಗಲೆಲ್ಲ ಸೆರಗು ಬಾಯಿಗೆ ಒತ್ತಿಕೊಂಡದ್ದು ನೋಡಿದರೆ, ಅವಳ ಮರಾಠಿ ಈ ಕಥೆ ಹೇಳುವಷ್ಟು ಸುಧಾರಿಸಿತ್ತು. ಹಾರೆಯನ್ನು ನಾನು ಜೋಕಾಲಿಯ ಕೆಳಗಿನ ನೆಲ ಸಮ ಮಾಡಲು ಬಳಸಿದೆ. ಕೆಲ ದಿನಗಳ ಮೇಲೆ ಹುತ್ತದ ಸುತ್ತ ಅಣಬೆ ಎದ್ದವು. ಸುಧಾಕರ ಬಂದು, "ಹುತ್ತದ ಅಣಬೆ ಮಾರಾಯ್ರೆ, ಇದಕ್ಕೆ ನಮ್ಮೂರಲ್ಲಿ ಜೀವ ಬಿಡ್ತಾರೆ!" ಎಂದು ಚೀಲ ತುಂಬಿಕೊಂಡ. ಕಪಾಟಿನ ವಿಷಯ ಎತ್ತಿದಾಗ ಮಾತ್ರ ಅವನಿಗೆ ಹೋಟೆಲಿನಲ್ಲಿ ಕೆಲಸವಿರುವುದು ನೆನಪಾಯಿತು.

ಆ ಕಪಾಟು ಹೋಗಿ ಉಕ್ಕಿನದು ಬಂದಿದೆ. ಹೊರಗಿನವರನ್ನು ದೂರುವ ನನ್ನ ಚಟವೂ ಹೋಗಿದೆ. ಮೊನ್ನೆ ಗುಡಿಸುವಾಗ ಅದೇ ಜಾಗದಲ್ಲಿ ಮತ್ತೆ ನಾಲ್ಕು ಕಾಳು ಕಂಡವು. ಶಾಂತಾಳನ್ನು ಕೂಗಿದೆ. "ಈ ಸಲ ಖರೇ ಗಸಗಸೀರಿ, ಅಂಗಡಿಂದ ತಂದ ಪುಡಿಕಿ ಒಡದದ. ಬಾಯಾಗ ಹಾಕ್ಕೊಂಡು ನೋಡ್ರಿ" ಎಂದಳು ಶಾಂತಾ ಅಡುಗೆಮನೆಯಿಂದ. ನಾನು ಬಾಯಿಗೆ ಹಾಕಿಕೊಳ್ಳಲಿಲ್ಲ. ಕಾಳುಗಳನ್ನು ಅಂಗೈಯಲ್ಲಿ ಹುಷಾರಾಗಿ ಹಿಡಿದುಕೊಂಡು, ಉಕ್ಕು ತಿನ್ನುವ ಜಾತಿಯೂ ಇದೆಯೇ ಎಂದು ಕೇಳಲು ಎದುರು ಮನೆಯ ಗಂಟೆ ಒತ್ತಿದೆ.