ಸೊಲ್ಲಾಪುರದಿಂದ ಬಂದ ಜೋಡಿ

ಬೆಳಿಗ್ಗೆ ಹತ್ತಕ್ಕೆ ಎಸ್‌ಟಿಡಿ ಬೂತಿನ ಮಶಾಕಸಾಬ ಬಾಗಿಲಿಗೆ ಬಂದು, "ಸಿದ್ರಾಮಣ್ಣ, ನಿಮ್ಮ ಮನಿಯವರು ಗೊಳಸಂಗಿಯಿಂದ ಫೋನ್ ಮಾಡಿದ್ರು. ಐತವಾರ ಅಲ್ಲಂತ, ಇವತ್ತ ಒಂದರ ಬಸ್ಸಿಗೆ ಬರ್ತಾರಂತ" ಎಂದು ಹೇಳಿ ಹೋದ. ಹೇಳಿದವನಿಗೇನು, ಹೋದ. ಕೇಳಿದ ಸಿದ್ಧರಾಮ ಪಡಸಾಲೆಗೆ ಓಡಿದ.

ಪಡಸಾಲೆಯಲ್ಲಿ ಎರಡು ಸ್ಪೀಕರು ನಿಂತಿದ್ದವು. ಸೊಂಟದೆತ್ತರ, ಎಮ್ಮೆಗಪ್ಪು, ಒಂದೊಂದೂ ಅರ್ಧ ಚೀಲ ಜೋಳದ ಭಾರ. ಹೆಂಡತಿ ಸುವರ್ಣಾ ತವರಿಗೆ ಹೋದ ಮರುದಿನ ಸೊಲ್ಲಾಪುರದ ಲಾರಿಯಿಂದ ಇಳಿದಿದ್ದವು.

ಹೋದ ವರ್ಷ ಹಳೆಯವೆರಡು ಹೋಗಿ ಮೂರನೆಯ ಆಂಪ್ಲಿಫಯರು ಮನೆಗೆ ಬಂದಾಗ ಸುವರ್ಣಾ ಜಗಳ ತೆಗೆಯಲಿಲ್ಲ. ಅವಳು ಜಗಳ ತೆಗೆಯುವವಳೇ ಅಲ್ಲ. ಸಿದ್ಧರಾಮನಿಗೆ ಅದೇ ಅಂಜಿಕೆ. ತನ್ನಪ್ಪನನ್ನು ಕರೆಸಿ, ಅವನೆದುರು ಮೆಲ್ಲಗೆ ಹೇಳಿದ್ದಳು: "ಇನ್ನೊಂದ ಡಬ್ಬಿ ಒಳಗ ಬಂತಂದ್ರ, ಇದ್ದ ಡಬ್ಬಿನೂ ಹೊರಗ ಹೋಗ್ತಾವ್ರಿ. ಆತಿಲ್ಲ?" ಸಿದ್ಧರಾಮ ಕೊರಳಿನ ಲಿಂಗ ಮುಟ್ಟಿ ಆಣೆ ಮಾಡಿದ್ದ. ತಾಲೂಕು ಕಚೇರಿಯಲ್ಲಿ ದಿನವಿಡೀ ಮಂದಿಯ ಕೂಗು ಕೇಳಿ ಬಂದವನಿಗೆ ಸಂಜೆ ಆ ಆಂಪ್ಲಿಫಯರಿನ ಕೆಂಪು ದೀಪ ಹತ್ತಿದರೇ ಜೀವಕ್ಕೆ ಸಮಾಧಾನ. ಅದೂ ಹೋದರೆ?

ಮಂಚದ ಕೆಳಗೆ ತುರುಕಿ ನೋಡಿದ, ಮಂಚವೇ ಮೇಲೆದ್ದಿತು. ಜೋಳದ ಕಣಜದ ಬಾಯಿ ಸಣ್ಣದು. ಬಚ್ಚಲಲ್ಲಿಟ್ಟರೆ ಸುವರ್ಣಾ ಕಾಲು ತೊಳೆಯಲು ಮೊದಲು ಹೋಗುವುದೇ ಅಲ್ಲಿಗೆ. ಗಡಿಯಾರ ಹನ್ನೊಂದೂವರೆ ಬಡಿಯಿತು.

ಉಳಿದದ್ದು ಪಕ್ಕದ ಮನೆ. ಪರಪ್ಪ ಮಾಸ್ತರರು ನಿವೃತ್ತಿಯಾದವರು, ಗುಟ್ಟು ಇಟ್ಟುಕೊಳ್ಳುವವರು. ಸಿದ್ಧರಾಮ ಎರಡಕ್ಕೂ ಕಂಬಳಿ ಸುತ್ತಿ, ಒಂದೊಂದಾಗಿ ತಬ್ಬಿಕೊಂಡು ಅವರ ಹಿತ್ತಲಿಗೆ ಸಾಗಿಸಿದ. ಮಾಸ್ತರರು ಕಂಬಳಿಯ ತುದಿ ಎತ್ತಿ ನೋಡಿದರು.

"ಮತ್ತ ತಂದೆಲ್ಲೋ! ಇದು ಕೇಳೂ ಹುಚ್ಚಲ್ಲ ತಮ್ಮಾ, ಕೊಳ್ಳೂ ಹುಚ್ಚು."

"ಇಲ್ರೀ ಮಾಸ್ತರ. ಇದರಾಗ ತಬಲಾದ ಎಡಗೈ ಬ್ಯಾರೇನ ಕೇಳಸ್ತೈತಿ. ನಿಮಗ ಹ್ಯಾಂಗ ತಿಳಿಸಿ ಹೇಳ್ಲಿ..."

"ಒಂದು ಪದ ಸುರುವಿಂದ ಕಡೀತನಕ ಕೇಳಿ ಎಷ್ಟ ದಿನಾ ಆತು? ಹೇಳು ನೋಡೋಣು."

ಮೊದಲ ಅರ್ಧ ನಿಮಿಷ ಕೇಳುವುದು, ಎದ್ದು ವೈರು ಬದಲಿಸುವುದು, ಮತ್ತೆ ಅದೇ ಅರ್ಧ ನಿಮಿಷ ಕೇಳುವುದು, ಇದೇ ಸಿದ್ಧರಾಮನ ಸಂಗೀತವಾಗಿತ್ತು.

"ಅದೆಲ್ಲ ಇರ್ಲಿ, ಎಲ್ಯಾರ ಒಳಗ ಮುಚ್ಚಿಡ್ರಿ" ಎಂದು ಅಂಗಲಾಚಿ ತಿರುಗಿ ನೋಡುತ್ತಾನೆ, ಸ್ಪೀಕರು ಇಟ್ಟಲ್ಲಿಲ್ಲ!

ಹಿತ್ತಲಿನ ಆ ಬದಿಗೆ ಮಾಸ್ತರರ ಹೆಂಡತಿ ಸಿದ್ದವ್ವ ಓಣಿಯ ಹೆಂಗಸರನ್ನು ಕೂಡಿಸಿಕೊಂಡು ಶಾವಿಗೆ ಹೊಸೆಯುತ್ತಿದ್ದಳು. ಉದ್ದನೆಯ ಶಾವಿಗೆ ಮಣೆಯ ಮೇಲ್ತುದಿಗೆ ಎತ್ತರದ ಆಸರೆ ಬೇಕು. ಕಂಬಳಿ ಹೊದ್ದ ಎರಡು ಡಬ್ಬಿ ತಾವಾಗಿಯೇ ಬಂದು ನಿಂತಿದ್ದವಲ್ಲ, ಹೆಂಗಸರು ಎಳೆದು ಅವುಗಳ ಮೇಲೇ ಮಣೆ ಇಟ್ಟಿದ್ದರು. ಮಣೆಯ ಮೇಲೆ ಸಿದ್ದವ್ವ ಆನೆಯ ಮೇಲಿನ ಅಂಬಾರಿಯಂತೆ ಕೂತು ಹಿಟ್ಟು ತಿಕ್ಕುತ್ತಿದ್ದಳು. ಕೆಳಗೆ ಶೇವಂತೆವ್ವ ಎಳೆ ಜಗ್ಗಿ ಕೋಲಿಗೆ ಹಾಕುತ್ತಿದ್ದಳು.

"ಕಾಕೂ, ಇಳೀರಿ! ಕೈ ಮುಗೀತೇನಿ!"

"ಸುಮ್ನಿರೋ, ಎಳಿ ಹರೀತೈತಿ."

"ಅದರಾಗ ನಾಜೂಕ ಸಾಮಾನ ಐತ್ರಿ!"

"ನಾ ಏನ ಒಜ್ಜಿ ಅದೇನಿ ಅಂತಿ?" ಎಂದಳು ಸಿದ್ದವ್ವ.

"ಮಣೀನ ಕೇಳು, ಹೇಳ್ತೈತಿ" ಎಂದಳು ಶೇವಂತೆವ್ವ. ಹೆಂಗಸರೆಲ್ಲ ನಕ್ಕರು. ಮಣೆ ಕಿರ್ ಎಂದಿತು.

ನಾದಿದ ಹಿಟ್ಟು ಮುಗಿಯುವ ತನಕ ಮಣೆ ಬಿಟ್ಟು ಯಾರೂ ಏಳುವಂತಿಲ್ಲ, ಹಿಟ್ಟು ಒಣಗುತ್ತದೆ. ಹಿಟ್ಟು ಮುಗಿದಾಗ ಒಂದೂ ಕಾಲು. ಸಿದ್ಧರಾಮ ಓಡಿಹೋಗಿ ಕಂಬಳಿ ಕಿತ್ತೊಗೆದು, ಎಲ್ಲಿ ಸೀಳಿದೆ, ಎಲ್ಲಿ ಒಡೆದಿದೆ ಎಂದು ಸ್ಪೀಕರನ್ನು ತಬ್ಬಿ ತಡವತೊಡಗಿದ.

"ಏನ್ರಿ ಅದು?"

ಬೆನ್ನ ಹಿಂದೆ ಸುವರ್ಣಾ. ಕೈಯಲ್ಲಿ ಬಟ್ಟೆಯ ಗಂಟು, ಮುಖದಲ್ಲಿ ಆ ಶಾಂತಿ.

ಸಿದ್ಧರಾಮ ಸ್ಪೀಕರು ಬಿಟ್ಟು ಎದ್ದು ನಿಂತ. ಕಂಬಳಿ ಮಡಚುತ್ತಾ ಅಂದ: "ಇದಾ? ಇದು... ಪರಪ್ಪ ಕಾಕಾರದು. ಹೊಸಾದು ತಂದಾರಂತ. ನೋಡಾಕ ಬಂದಿದ್ದೆ."

"ಯಾವಾಗ ತಂದ್ರಿ? ನನಗ ಹೇಳದ!" ಸಿದ್ದವ್ವ ಹಿಟ್ಟಿನ ಕೈಯಲ್ಲೇ ಗಂಡನ ಕಡೆಗೆ ತಿರುಗಿದಳು. ಅಂಜಿಕೆಯೂ ಕಣ್ಣುಬೇನೆಯ ಹಾಗೆ, ಒಬ್ಬರಿಂದ ಒಬ್ಬರಿಗೆ ಹತ್ತುತ್ತದೆ. ಮಾಸ್ತರರು ಬೆವರು ಒರೆಸಿಕೊಂಡು, "ನಿನಗ... ಪದಾ ಕೇಳಾಕ ಆಗಲಿ ಅಂತ..." ಎಂದರು.

"ಹಂಗಾರ ಹಚ್ಚಿ ತೋರಿಸ್ರಿ" ಎಂದಳು ಸಿದ್ದವ್ವ.

ಬರೀ ಡಬ್ಬಿ ಹಾಡುವುದಿಲ್ಲ. "ನಮ್ಮ ಮಷೀನ ತರ್ತಾರ್ರಿ ಕಾಕು" ಎಂದಳು ಸುವರ್ಣಾ. ಸಿದ್ಧರಾಮ ತನ್ನ ಕೈಯಾರೆ ಆಂಪ್ಲಿಫಯರು, ಟೇಪ್ ರೆಕಾರ್ಡರು ಹೊತ್ತು ತಂದು ವೈರು ಕೂಡಿಸಿದ. ಸಿಕ್ಕ ಕ್ಯಾಸೆಟ್ಟು ಹಾಕಿದ. ಅದು ಅವರ ಮದುವೆಯದು; ಐದು ವರ್ಷದ ಹಿಂದೆ ತೀರಿಕೊಂಡ ಸುವರ್ಣಾಳ ಅವ್ವ ಹಾಡಿದ ಸೋಬಾನ ಪದ. ಪದದ ಹಿಂದಿನ ಬಳೆಗಳ ಸಪ್ಪಳ ಎಷ್ಟು ಬಿಡಿಬಿಡಿಯಾಗಿ ಕೇಳುತ್ತದೆಂದು ಪರೀಕ್ಷಿಸಲು ಅವನು ಅದನ್ನು ನೂರು ಸಲ ಹಾಕಿದ್ದ.

ಪದ ಶುರುವಾಯಿತು. ಪುಣ್ಯಕ್ಕೆ ಸ್ಪೀಕರಿಗೆ ಏನೂ ಆಗಿರಲಿಲ್ಲ. ರೂಢಿಯಂತೆ ಅರ್ಧ ನಿಮಿಷಕ್ಕೆ ಸಿದ್ಧರಾಮ ಏಳಹೋದ. ಮಾಸ್ತರರು ಅಂಗಿ ಹಿಡಿದು ಕೂಡಿಸಿದರು. ಸಾಲು ಮುಗಿದಲ್ಲಿ ಅವ್ವ ಉಸಿರು ಎಳೆದುಕೊಂಡದ್ದು ಕೇಳಿತು. ನಡುವೆ ಒಮ್ಮೆ ಮೆಲ್ಲಗೆ ನಕ್ಕದ್ದೂ ಕೇಳಿತು. ಸುವರ್ಣಾ ಸೆರಗು ಕಣ್ಣಿಗೆ ಒತ್ತಿಕೊಂಡಳು. ಶೇವಂತೆವ್ವನ ಕೈಯ ಕೋಲು ಅಲ್ಲಾಡಲಿಲ್ಲ. ಪದ ಮುಗಿದ ಮೇಲೂ ಮಾಸ್ತರರು ಕಣ್ಣು ತೆರೆಯಲಿಲ್ಲ.

ಸಿದ್ಧರಾಮ ಅವರ ಕಿವಿಯಲ್ಲಿ ಪಿಸುಗುಟ್ಟಿದ: "ಗೆದ್ದೆನಿಲ್ರಿ ಮಾಸ್ತರ? ಇದು ಬರೇ ಕೊಳ್ಳೂ ಹುಚ್ಚಲ್ಲ. ನಾಳೆ ಆಕಿ ಸಂತಿಗೆ ಹೋದಾಗ ಬಂದು ಒಯ್ತೇನಿ."

"ಏನ ಒಯ್ತಿ? ನಮ್ಮ ಸಾಮಾನ?" ಮಾಸ್ತರರೂ ಪಿಸುಗುಟ್ಟಿದರು. "ರೊಕ್ಕಾ ನಾ ಕೊಡ್ತೇನಿ. ಡಬ್ಬಿ ಮಾತ್ರ ಕೇಳಬ್ಯಾಡ."

"ಆ ಮಷೀನೂ ಇಲ್ಲೇ ಇರ್ಲಿ ಕಾಕಾ" ಎಂದಳು ಸುವರ್ಣಾ, ಮೂಗು ಒರೆಸಿಕೊಳ್ಳುತ್ತಾ. "ಇಲ್ಲೆ ನಾಕು ಮಂದಿ ಕುಂತು ಪೂರಾ ಕೇಳ್ತೀರಿ."

ಮನೆಗೆ ಬಂದಾಗ ಪಡಸಾಲೆಯಲ್ಲಿ ಆಂಪ್ಲಿಫಯರಿನ ಜಾಗ ಬೋಳಾಗಿತ್ತು. ಸಿದ್ಧರಾಮ ಗೋಡೆಗೆ ಒರಗಿ ಕೂತ. ಏನಾದರೇನು, ಆಣೆ ಮುರಿದದ್ದು ಗೊತ್ತಾಗಲಿಲ್ಲವಲ್ಲ ಎಂದು ಉಸಿರು ಬಿಟ್ಟ.

ಸುವರ್ಣಾ ಗಂಟು ಬಿಚ್ಚುತ್ತಾ ಹೇಳಿದಳು: "ಆ ಲಾರಿ ಹೊಡ್ಯಾಂವ ಮೈಬೂಬ ನಮ್ಮ ಗೊಳಸಂಗಿಯಾಂವರಿ. ಡಬ್ಬಿ ಇಳಿಸಿದ ದಿನಾನ ಬಂದ ಹೇಳಿದ. ಬೈಬೇಕಂತನ ಲಗೂ ಹೊರಟಿದ್ದೆ. ಬಸ್ಸಿನ್ಯಾಗ ಕುಂತ ಮ್ಯಾಲ ಮನಸ ತಡೀಲಿಲ್ಲ. ಪಾಪ, ಅದೊಂದ ಐತಿ ಅವರಿಗೆ, ಇಟ್ಕೊಳ್ಳಿ, ಏನೂ ಅನ್ನೂದ ಬ್ಯಾಡ ಅನ್ಕೊಂಡ ಬಂದೆ. ನೋಡಿದ್ರ ನೀವ ಅದನ್ನ ಪರಪ್ಪ ಕಾಕಾರಿಗೆ ಕೊಟ್ಟ ಕುಂತಿದ್ರಿ."