ಬೀಗರ ಜಪಾನು, ನಮ್ಮ ಮನೆಯ ಸೂಜಿ

ಸಾವಿನ ಮನೆಗೆ ಬಂದವರು ಏನು ಮಾತಾಡಬೇಕು ಎಂಬುದನ್ನು ಯಾರೂ ಯಾರಿಗೂ ಕಲಿಸಿರುವುದಿಲ್ಲ. ಬಂದವರು ಚಪ್ಪಲಿ ಬಿಟ್ಟು, ಚಾಪೆಯ ಅಂಚಿಗೆ ಕೂತು, "ಹೆಂಗಾತ್ರೀ?" ಎಂದು ಕೇಳುತ್ತಾರೆ. ನಾವು ಹೇಳುತ್ತೇವೆ. ಅಷ್ಟು ಹೇಳಿ ಮುಗಿಸುವ ಹೊತ್ತಿಗೆ ಚಹಾ ಬರುತ್ತದೆ. ಆಮೇಲೆ ಅವರಿಗೂ ದಾರಿ ತಿಳಿಯುವುದಿಲ್ಲ, ನಮಗೂ ತಿಳಿಯುವುದಿಲ್ಲ. ನನ್ನ ಹೆಂಡತಿ ಗಿರಿಜ ಎದೆನೋವೆಂದು ಕೂತವಳು ಏಳದೇ ಹೋದ ಮೇಲೆ, ನ್ಯಾಮತಿಯ ನಮ್ಮ ಮನೆಗೆ ಬಂದ ಚನ್ನಗಿರಿಯವರು ಅಡಿಕೆ ಧಾರಣೆ ಮಾತಾಡಿದರು. ಹೊನ್ನಾಳಿಯವರು ಬಸ್ಸಿನ ರಶ್ಶು ಮಾತಾಡಿದರು. ನಾನು ಎಲ್ಲದಕ್ಕೂ ತಲೆಯಾಡಿಸಿದೆ. ಆದರೆ ಜಗಳೂರಿನಿಂದ ಬಂದ ನಮ್ಮ ಬೀಗರು ತಿಪ್ಪೇಸ್ವಾಮಿಯವರು ಜಪಾನಿನ ಬಗ್ಗೆ ಮಾತಾಡಿದರು. ಅದಕ್ಕೆ ಮಾತ್ರ ತಲೆಯಾಡಿಸಲು ನನಗೆ ಆಗಲಿಲ್ಲ.

ವಿಷಯ ಇಷ್ಟೆ. ನನ್ನ ಮಗಳು ಸವಿತ ಅವ್ವನ ಸಾವಿಗೆ ಬಂದವಳು ಕೂಸಿನೊಂದಿಗೆ ಇಲ್ಲೇ ಉಳಿದಿದ್ದಳು. ಕೂಸಿಗೆ ಒಂಬತ್ತು ತಿಂಗಳು ತುಂಬಿತ್ತು, ದಡಾರದ ಸೂಜಿ ಹಾಕಿಸಬೇಕಿತ್ತು. ಬರುವ ಗುರುವಾರ ಆಸ್ಪತ್ರೆಗೆ ಹೋಗೋಣವೆಂದು ಅವಳು ಬಾಯಿ ಬಿಟ್ಟದ್ದೇ ತಡ, ಬೀಗರು ಚಹಾದ ಲೋಟ ಕೆಳಗಿಟ್ಟರು.

"ಈಗೇನು ಅವಸರ ಐತಮ್ಮ? ಜಪಾನ್‌ನಾಗೆ ಸೂಜಿ ಕಡ್ಡಾಯನೇ ಇಲ್ಲ ಗೊತ್ತೇನು? ಅವರೇನು ದಡ್ಡರಾ?"

ಬೀಗರದು ಜಗಳೂರಿನಲ್ಲಿ ಬೀಜ ಗೊಬ್ಬರದ ಅಂಗಡಿ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಫೋನು ನೋಡಿ ನೋಡಿ ಅವರು ಮನೆ ಬಿಡದೆ ಸುಮಾರು ದೇಶ ಸುತ್ತಿದ್ದಾರೆ. ಇಂಗ್ಲೆಂಡಿನಲ್ಲೂ ಒತ್ತಾಯ ಇಲ್ಲವಂತೆ, ಬರೀ ಹಾಕಿಸಿರಿ ಎಂದು ಹೇಳುತ್ತಾರಂತೆ. ಸವಿತನೂ ಬಿಡಲಿಲ್ಲ, ಅವಳ ಕೈಯಲ್ಲೂ ಫೋನಿತ್ತು. "ಮಾವ, ಜರ್ಮನಿಯಾಗೆ ದಡಾರದ ಸೂಜಿ ಇಲ್ಲದೆ ಶಾಲೆಗೆ ಕಳಿಸಿದ್ರೆ ಅಪ್ಪ ಅವ್ವನ ಹತ್ರ ದಂಡ ಕಟ್ಟಿಸ್ಕೊಂತಾರಂತೆ. ಇಟಲಿಯಾಗೆ ಶಿಶುವಿಹಾರದೊಳಗೇ ಬಿಡಂಗಿಲ್ಲ. ಆಸ್ಟ್ರೇಲಿಯಾದಾಗೆ ಸರ್ಕಾರ ಮಕ್ಕಳಿಗೆ ಕೊಡೋ ದುಡ್ಡೇ ನಿಲ್ಲಿಸ್ತದೆ."

"ಅಮೆರಿಕದಾಗೆ?" ಎಂದರು ಬೀಗರು, ಇಸ್ಪೀಟಿನ ಕೊನೆಯ ಎಲೆ ಎಸೆದಂತೆ.

"ಅಲ್ಲಿ ಒಂದೊಂದು ರಾಜ್ಯಕ್ಕೆ ಒಂದೊಂದು ಥರ ಐತೆ ಮಾವ."

"ಮತ್ತೆ! ಅವರಿಗೇ ಒಂದು ತೀರ್ಮಾನ ಇಲ್ಲ, ನಮಗ್ಯಾಕೆ?"

ಗಿರಿಜಳ ಫೋಟೋದ ಹಾರ ಇನ್ನೂ ಬಾಡಿರಲಿಲ್ಲ. ಅದರ ಕೆಳಗೆ ಕೂತು ಇವರು ಪ್ರಪಂಚ ಹಂಚಿಕೊಳ್ಳುತ್ತಿದ್ದರು. ನಾನು ಹತ್ತನೆಯ ತರಗತಿಗೆ ಓದು ನಿಲ್ಲಿಸಿ ಹಿಟ್ಟಿನ ಗಿರಣಿ ಹಿಡಿದವನು. ಭೂಪಟದಲ್ಲಿ ಇಟಲಿ ಬೂಟಿನ ಹಾಗಿದೆ ಎಂಬುದೊಂದು ನೆನಪಿದೆ, ಅಷ್ಟೆ. ಗಿರಣಿಯ ಸದ್ದಿನಲ್ಲಿ ಜನ ಕೂಗಿ ಮಾತಾಡುತ್ತಾರೆ, ನಾನು ಕೈಸನ್ನೆ ಮಾಡುತ್ತೇನೆ. ನಮ್ಮ ಮನೆಯಲ್ಲಿ ಮಾತಿನ ಖಾತೆ ಗಿರಿಜಳದು.

ಅವಳಿಗೆ ಎಳವೆಯಲ್ಲೇ ಪೋಲಿಯೊ ಬಂದು ಎಡಗಾಲು ಸಣ್ಣಗಾಗಿತ್ತು. ಬೀದಿಯಲ್ಲಿ ಯಾವ ಮನೆಯ ಬಾಣಂತಿ "ಜ್ವರ ಬರ್ತದಂತೆ, ಬ್ಯಾಡ" ಎಂದರೂ ಇವಳು ಕುಂಟುತ್ತ ಹೋಗಿ ಹೊಸ್ತಿಲ ಮೇಲೆ ಕೂತು, ಸೀರೆ ಸ್ವಲ್ಪ ಮೇಲೆತ್ತಿ ಆ ಕಾಲನ್ನು ಮುಂದಕ್ಕೆ ಚಾಚುತ್ತಿದ್ದಳು. "ಜ್ವರ ಎರಡು ದಿನ ಇರ್ತದೆ ಕಣವ್ವ. ಇದು ನೋಡು, ಮದುವಿಗೂ ಬಂತು, ಮಗಳ ಮದುವಿಗೂ ಬಂತು." ಮುಂದಿನ ಗುರುವಾರ ಆ ಬಾಣಂತಿ ಕೂಸನ್ನೆತ್ತಿಕೊಂಡು ಇವಳ ಜೊತೆ ಆಸ್ಪತ್ರೆಗೆ ಹೊರಡುತ್ತಿದ್ದಳು. ನಮ್ಮ ದೇಶದಲ್ಲೂ ಸೂಜಿ ಪುಕ್ಕಟೆಯೇ ಹೊರತು ಕಡ್ಡಾಯವಲ್ಲ ಎಂದು ಸವಿತ ಹೇಳಿ ಈಗ ನನಗೆ ಗೊತ್ತಾಯಿತು. ನಮ್ಮ ಬೀದಿಯಲ್ಲಿ ಕಡ್ಡಾಯವೇ ಆಗಿತ್ತು. ಕಾನೂನು ಕುಂಟುತ್ತ ಮನೆಮನೆಗೆ ಬರುತ್ತಿತ್ತು.

ಬೀಗರು ಕೈ ತೊಳೆಯಲು ಹಿತ್ತಲಿಗೆ ಹೋದಾಗ ಸವಿತ ನನ್ನ ಕಿವಿಯಲ್ಲಿ ಹೇಳಿದಳು: "ಜಪಾನೂ ಇಲ್ಲ ಏನೂ ಇಲ್ಲಪ್ಪ. ಅವರ ಅವ್ವ ಹೇಳಿ ಕಳಿಸ್ಯಾರೆ. ಸತ್ತ ಮನೆಯಿಂದ ಕೂಸನ್ನ ಎತ್ಕೊಂಡು ಹೋಗಿ ಸೂಜಿ ಚುಚ್ಚಿಸಬಾರದಂತೆ, ವರ್ಷ ಕಳೀಬೇಕಂತೆ. ಅದನ್ನ ಹೇಳಾಕೆ ಮಾವನಿಗೆ ನಾಚಿಕೆ." ನನಗೆ ನಗು ಬಂತು, ಹೊಟ್ಟೆಯೂ ಉರಿಯಿತು. ಜಗಳೂರಿನ ಮುದುಕಿಯೊಬ್ಬಳ ಭಯಕ್ಕೆ ಇಡೀ ಜಪಾನು ಅಡ್ಡ ನಿಂತಿತ್ತು. ಅದಕ್ಕಿಂತ ಹೊಟ್ಟೆ ಉರಿದದ್ದು, ಊರಿಗೆಲ್ಲ ಸೂಜಿ ಹಾಕಿಸಿದವಳ ಸಾವೇ ಅವಳ ಮೊಮ್ಮಗಳ ಸೂಜಿ ತಪ್ಪಿಸಲು ನೆಪವಾಯಿತಲ್ಲ ಎಂದು. ಪಕ್ಕದ ಓಣಿಯಲ್ಲಿ ಒಂದು ಮಗುವಿಗೆ ಆಗಲೇ ದಡಾರ ಎದ್ದಿತ್ತು.

ಗುರುವಾರ ಬೆಳಿಗ್ಗೆ ಬೀಗರು ಊರಿಗೆ ಹೊರಡುವ ಮೊದಲು ಇನ್ನೊಮ್ಮೆ ಜಪಾನು ತೆಗೆದರು. ನಾನು ಎದ್ದು ಕೂಸನ್ನು ಎತ್ತಿಕೊಂಡೆ.

"ಬೀಗ್ರೇ, ಜಪಾನ್‌ನಾಗೆ ನಮ್ಮ ಗಿರಿಜ ಇರಲಿಲ್ಲ," ಎಂದೆ. "ಈಗ ಇಲ್ಲೂ ಇಲ್ಲ. ಅದಕ್ಕೆ ನಾನು ಹೋಗ್ತೀನಿ."

ಅಷ್ಟು ಉದ್ದದ ಮಾತನ್ನು ನಾನು ಆಡಿದ್ದು ಕೇಳಿ ಬೀಗರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಸವಿತ ಚಪ್ಪಲಿ ಹಾಕಿಕೊಂಡು ಹಿಂದೆ ಬಂದಳು.

ಆಸ್ಪತ್ರೆಯಲ್ಲಿ ಸಿಸ್ಟರ್ ಸೂಜಿ ಚುಚ್ಚಿದರು, ಕೂಸು ಚೀರಿತು. ಅರ್ಧ ಗಂಟೆ ಕೂತು ಹೋಗಿ ಎಂದು ಗೋಡೆ ಪಕ್ಕದ ಬೆಂಚು ತೋರಿಸಿದರು. ಬೇರೆಯವರ ಮಕ್ಕಳನ್ನು ಮಡಿಲಲ್ಲಿ ಹಾಕಿಕೊಂಡು ಗಿರಿಜ ಕೂರುತ್ತಿದ್ದ ಬೆಂಚು ಅದು. ಸಣ್ಣ ಕಾಲನ್ನು ಊರಿ ಊರಿ ಅದರ ಕೆಳಗಿನ ಗಾರೆ ಒಂದು ಕಡೆ ಸವೆದಂತೆ ನನಗೆ ಕಂಡಿತು. ಸವೆದಿತ್ತೋ ಇಲ್ಲವೋ. ಕೂಸು ಸುಮ್ಮನಾಯಿತು, ನಾನು ಶುರು ಮಾಡಿದೆ. ಮಣ್ಣು ಮಾಡಿದ ದಿನವೂ ಬಾರದ ಅಳು ಅಲ್ಲಿ ಎಲ್ಲರೆದುರು ಬಂತು.

ಸಾಲಿನಲ್ಲಿದ್ದ ಹೆಂಗಸೊಬ್ಬಳು ಪಕ್ಕದವಳನ್ನು ಕೇಳಿದಳು: "ಅಜ್ಜಂಗೂ ಹಾಕಿದ್ರಾ ಹೆಂಗೆ?"

ಸಿಸ್ಟರ್ ಕೂಸಿನ ಜ್ವರಕ್ಕೆಂದು ಹನಿ ಔಷಧಿ ಕೊಡುತ್ತ, "ಅಜ್ಜಾರೇ, ಕೂಸು ನಿಮಗಿಂತ ಗಟ್ಟಿ ಐತೆ ನೋಡ್ರಿ" ಎಂದರು. ಅವರು ಹೊಸಬರು, ಗಿರಿಜಳನ್ನು ಕಂಡವರಲ್ಲ.

ಈ ಸುದ್ದಿ ನಾವು ಮನೆ ಸೇರುವ ಮೊದಲೇ ಜಗಳೂರು ತಲುಪಿತು. ಬೀಗರ ಅವ್ವ ಈಗ ಮನೆಗೆ ಬಂದವರಿಗೆಲ್ಲ ಹೇಳುತ್ತಾರಂತೆ: "ಗಂಡಸೇ ಕುಂತು ಅಳ್ತಾನೆ ಅಂದ್ರೆ ಆ ಸೂಜಿ ಎಂಥಾದ್ದಿರಬೇಕು! ಎಳೇ ಕೂಸು ಹೆಂಗೆ ತಡಕಂತೋ!" ಗಿರಿಜ ಜೀವಮಾನವೆಲ್ಲ ಕಾಲು ತೋರಿಸಿ ಕಟ್ಟಿದ್ದನ್ನು ನಾನು ಅರ್ಧ ಗಂಟೆ ಅತ್ತು ಕೆಡವಿದೆ. ಕೂಸಿಗೆ ಇದೇ ಸೂಜಿ ಒಂದೂವರೆ ವರ್ಷಕ್ಕೆ ಇನ್ನೊಮ್ಮೆ ಬಾಕಿ ಇದೆ, ಅದಕ್ಕೆ ಈಗಲೇ ತಕರಾರು ಎದ್ದಿದೆ.

"ಫೋನ್ ಮಾಡಪ್ಪ," ಎಂದಳು ಸವಿತ. "ಗಿರಣಿ ಹಿಟ್ಟು ಕಣ್ಣಿಗೆ ಬಿದ್ದಿತ್ತು ಅಂತ ಹೇಳು. ನಂಬ್ತಾರೆ."

ಮಾಡಿದೆ. ಹೇಳಿದೆ.

"ಬೀಗಿತ್ತಿ ಹೋದ ದಿನದಿಂದ ಗಿರಣಿ ಬಾಗಿಲು ಹಾಕೇ ಐತಲ್ರೀ, ಬೀಗ್ರೇ," ಎಂದರು ಬೀಗರು, ಮೆತ್ತಗೆ. ಜಪಾನಿನ ಮಾತು ಎತ್ತಲಿಲ್ಲ.

ಮಾರನೆಯ ಬೆಳಿಗ್ಗೆ ಹೋಗಿ ಗಿರಣಿಯ ಬೀಗ ತೆಗೆದೆ, ಬೆಲ್ಟು ಕಟ್ಟಿದೆ. ಮುಂದಿನ ಸೂಜಿಯ ಹೊತ್ತಿಗೆ ಕಣ್ಣಿಗೆ ಬೀಳಲು ಒಂದಿಷ್ಟು ಹಿಟ್ಟಾದರೂ ಇರಬೇಕಲ್ಲ.